ಫೋಟೊಕ್ಕ ಎಷ್ಟ ಲೀಟರ ಬೇಕು, ತಮ್ಮಾ?
(ಗೂಟದ ಮೇಲಿನ ಹಸಿಬಿಯೊಂದಿಗೆ ಕಾಲ್ಪನಿಕ ಸಂದರ್ಶನ)

ಹದಿನೇಳು ದಿನಗಳಿಂದ ನನ್ನ ಮೊಬೈಲಿನಲ್ಲಿ ಒಂದು ಚೀಲ ಕುಳಿತಿದೆ. ಅರವತ್ತೈದು ಲೀಟರಿನದು. ಒಣ ಎಲೆ, ಹಸಿ ಎಲೆ, ಕೆಸರು ಮೂರೂ ಕಲಸಿದ ಬಣ್ಣ. ಹೆಸರು ಹಂಟಿಂಗ್ ಪ್ಯಾಕ್. ಬಂದೂಕು ಸಿಗಿಸಲು ಬದಿಗೊಂದು ತೋಳು, ನೀರು ಹೀರಲು ಕೊಳವೆ, ಹೊಡೆದ ಪ್ರಾಣಿಯ ಮಾಂಸ ಕಟ್ಟಿ ತರಲು ಚೌಕಟ್ಟಿಗೂ ಚೀಲಕ್ಕೂ ನಡುವೆ ಒಂದು ಅಟ್ಟಣಿಗೆ. ನಾನು ಹುಕ್ಕೇರಿ ತಾಲ್ಲೂಕಿನ ಹತ್ತರಗಿಯವನು. ನಮ್ಮೂರಿನಲ್ಲಿ ಎದೆ ಝಲ್ಲೆನ್ನಿಸುವ ಸದ್ದೆಂದರೆ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳ ಹಾರ್ನ್ ಒಂದೇ. ಆದರೂ ಆ ಚೀಲ ಬೆನ್ನಿಗಿದ್ದರೆ ನಾನು ಬೇರೆಯೇ ಮನುಷ್ಯನಾಗುತ್ತೇನೆ ಎಂಬ ನಂಬಿಕೆ ನನ್ನದು.

"ಮನ್ಯಾಗ ಗೂಟಕ್ಕ ಒಂದ ಜೋತಬಿದ್ದೈತಲ್ಲ, ಮೊದಲ ಅದನ್ನ ಕೇಳ್ರಿ" ಎಂದಳು ಹೆಂಡತಿ.

ಗೂಟದಲ್ಲಿದ್ದದ್ದು ಮುತ್ಯಾನ ಹಸಿಬಿ. ಎರಡೂ ತುದಿ ಹೊಲಿದು, ನಡುವೆ ಬಾಯಿ ಬಿಟ್ಟ ಉದ್ದ ಚೀಲ. ಹೆಗಲ ಮೇಲೆ ಒಗೆದರೆ ಎದೆಗೊಂದು ಹೊಟ್ಟೆ, ಬೆನ್ನಿಗೊಂದು ಹೊಟ್ಟೆ. ಒಂದು ಕಾಲಕ್ಕೆ ಬಿಳಿಯಿದ್ದ ದಪ್ಪ ನೂಲು ಈಗ ಚಹಾದ ಬಣ್ಣಕ್ಕೆ ತಿರುಗಿದೆ. ಹಿಂದಿನ ಹೊಟ್ಟೆಗೆ ಆಯಿಯ ಹಳೇ ಇಳಕಲ್ ಸೀರೆಯ ಕೆಂಪು ತೇಪೆ. ಮುಂದಿನ ಹೊಟ್ಟೆಯ ಮೂಲೆಗೆ ಅಂಗೈಯಗಲದ ಒಂದು ಕಂದು ಕಲೆ. ಮುತ್ಯಾ ಬದುಕಿರುವತನಕ ಅದನ್ನು "ಎಣ್ಣಿ" ಎನ್ನುತ್ತಿದ್ದರು. ಜೋಳದ ಧೂಳು ಕೊಡವಿ, ಕೆಳಗಿಳಿಸಿ, ಕಂಬಳಿ ಹಾಸಿ ಕೂರಿಸಿದೆ.

ಆಯಿ, ನಮಸ್ಕಾರ. ತಮ್ಮ ಪರಿಚಯವನ್ನು ಓದುಗರಿಗೆ ಮಾಡಿಕೊಡಬಹುದೇ?

ಪೇಪರಿನ ಮಾತ ಬಿಡು ತಮ್ಮಾ, ಮನಿ ಮಾತ ಆಡು. ನಾ ಹಸಿಬಿ. ಲೀಟರ ಪಾಟರ ಗೊತ್ತಿಲ್ಲ. ಮುಂದ ಐದ ಸೇರ, ಹಿಂದ ಐದ ಸೇರ. ಜಿಪ್ ಇಲ್ಲ, ಬಕಲ್ ಇಲ್ಲ, ಗ್ಯಾರಂಟಿ ಕಾರ್ಡ್ ಇಲ್ಲ. ನನ್ನ ಹೊಲದವ ಸತ್ತ, ಹೊತ್ತವ ಸತ್ತ, ನಾ ಗೂಟಕ್ಕ ಅದೇನಿ.

ಕಾಡಿಗೆ ಶಿಕಾರಿಗೆ ಹೋಗಲು ಒಂದು ಚೀಲ ಆರಿಸಬೇಕಿದೆ. ಯಾವುದು ಒಳ್ಳೆಯದು?

ಯಾವ ಕಾಡು?

ಇಲ್ಲೇ... ವಂಟಮುರಿ ಘಾಟಿನ ಗುಡ್ಡ, ಹಿಡಕಲ್ ಡ್ಯಾಮಿನ ಹಿನ್ನೀರು, ಆಚೆ ಘಟಪ್ರಭಾ ಹೊಳೆ...

ಹೊಳಿ ದಂಡಿಗುಂಟ 1974ರಿಂದ ಪಕ್ಷಿಧಾಮ ಐತಿ, ಹೆಚ್ಚೂಕಡಿಮಿ ಮೂವತ್ತ ಚದರ ಕಿಲೋಮೀಟರ. ಥಂಡಿ ದಿನಕ್ಕ ಸಾವಿರಾರು ಮೈಲಿ ಹಾರಿ ಕೊಕ್ಕರಿ ಬರ್ತಾವ. ಅವು ಏನ ಚೀಲ ತರ್ತಾವ ಅಂತ ಕೇಳಿಯೇನು? ಮೈಯಾಗಿನ ಕೊಬ್ಬ ಒಂದ ಬುತ್ತಿ. ಇನ್ನ ಶಿಕಾರಿ ಮಾತ. 1972ರಾಗ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆತು. ಅದರ 9ನೇ ಕಲಮಿನಾಗ ಬ್ಯಾಟಿನ ಬಂದ್. ಹೊಡದ್ರ ಅಷ್ಟ ಅಲ್ಲ, ಬಲಿ ಹಾಕಿದ್ರೂ, ಬೆನ್ನ ಹತ್ತಿ ಓಡಿಸಿದ್ರೂ, ಹಕ್ಕಿ ತತ್ತಿ ಎತ್ತಿದ್ರೂ ಅದು ಬ್ಯಾಟಿನ. ಮೊದಲನೇ ಪಟ್ಟಿಯ ಪ್ರಾಣಿಗೆ ಕೈ ಹಚ್ಚಿದ್ರ ಮೂರರಿಂದ ಏಳ ವರ್ಷ ಒಳಗ.

ಚೀಲದ ಬಗ್ಗೆ ಕೇಳಿದರೆ ಕಾನೂನು ಹೇಳುತ್ತೀರಲ್ಲ ಆಯಿ!

ಚೀಲದ್ದ ಹೇಳಾಕತ್ತೇನಿ. ಆ ಕಾಯ್ದೆಯ 50ನೇ ಕಲಂ ಓದು. ಸಂಶಯ ಬಂದ್ರ ಅಧಿಕಾರಿ ನಿನ್ನ ಸಾಮಾನ ಸರಂಜಾಮ ಬಿಚ್ಚಿಸಿ ನೋಡಬಹುದು ಅಂತ ಐತಿ. ಅಂದ್ರ ಕಾನೂನಿನಾಗ ನಿನಕಿಂತ ಮೊದಲ ನನ್ನ ಹೊಟ್ಟಿ ಸಿಗತೈತಿ! 39ನೇ ಕಲಮಿನ ಪ್ರಕಾರ ಅಪರಾಧಕ್ಕ ಬಳಸಿ ಜಪ್ತಾದ ಗಾಡಿ, ಆಯುಧ, ಬಲಿ, ಸಾಧನ ಎಲ್ಲಾ ಸರಕಾರದ ಆಸ್ತಿ. ನಿನಗಾದ್ರ ಜಾಮೀನ ಸಿಕ್ಕೀತು, ಚೀಲಕ್ಕ ವಕೀಲನ್ನ ಯಾರ ಇಡತಾರ? ಒಣ ಎಲಿ ಬಣ್ಣದ ಚೀಲ ತೊಗೊಂಡ್ರ ಮೊಲಕ್ಕ ಕಾಣಂಗಿಲ್ಲ ಅಂತ ತಿಳದಿ. ಗಾರ್ಡಗ ಎಷ್ಟ ದೂರದಿಂದ ಕಾಣತೈತಿ ಅಂತ ವಿಚಾರ ಮಾಡಿಯೇನು?

ಅಂದರೆ ಈ ನಾಡಿನಲ್ಲಿ ಬೇಟೆಯ ಪರಂಪರೆಯೇ ಇಲ್ಲವೆನ್ನುತ್ತೀರಾ? ಪಕ್ಕದಲ್ಲೇ ಮುಧೋಳ ನಾಯಿ...

ಯಾಕ ಇಲ್ಲ? ಆ ನಾಯಿನ ನೋಡು. ತೆಳ್ಳನ ಟೊಂಕ, ಆಳ ಎದಿ, ಉದ್ದನ ಕಾಲ, ಹೊಟ್ಟಿ ಬೆನ್ನಿಗಿ ಹತ್ತಿದಂಗ. ಮೊಲದ ಹಿಂದ ಓಡಾಕಂತನ ಮಾಡಿದ ಮೈ. ಅದರ ಮೈಮ್ಯಾಲ ಒಂದ ಜಾಸ್ತಿ ಕಿಸೆ ಐತೇನ? 2005ರಾಗ ಅದನ್ನ ಅಂಚೆ ಚೀಟಿ ಮ್ಯಾಲ ಛಾಪಿಸಿದ್ರು. ಈಗ ನಾಯಿ ಸ್ಟಾಂಪಿನ ಮ್ಯಾಲ, ಬ್ಯಾಟಿ ಕಾನೂನಿನ ಕೆಳಗ. ಆಯುಧದ ಮಾತಿಗಿ ಬಂದ್ರ ಹಲಗಲಿ ಬ್ಯಾಡರು ಅದಾರ. 1857ರಾಗ ಕಂಪನಿ ಸರಕಾರ ಹತಾರ ಒಪ್ಪಸ್ರಿ ಅಂದಾಗ ಕೊಡೂದಿಲ್ಲ ಅಂತ ಜೀವಾ ಕೊಟ್ರು. ನಿನ್ನ ಕೈಯಾಗಿಂದ ಕಸಗೊಳ್ಳಾಕ ಫೋನ ಬಿಟ್ರ ಏನೈತಿ?

ಸರಿ, ತಮ್ಮ ಮುಂದಿನ ಹೊಟ್ಟೆಯ ಮೂಲೆಯಲ್ಲಿ ಒಂದು ಕಲೆ ಇದೆಯಲ್ಲ. ಅದು...

ಎಣ್ಣಿ.

ಯಾವ ಎಣ್ಣೆ ಆಯಿ?

ವಯಸ್ಸಾತು ತಮ್ಮಾ, ಮರತೇನಿ. ಮುಂದಿಂದ ಕೇಳು.

ಶಿಕಾರಿ ಚೀಲಕ್ಕೂ ಉಳಿದ ಚೀಲಕ್ಕೂ ಇರುವ ವ್ಯತ್ಯಾಸವನ್ನಾದರೂ ತಿಳಿಸಿ.

ಹಾಂ, ಇದು ಪ್ರಶ್ನೆ. ಗುಡ್ಡ ಹತ್ತವರ ಚೀಲ ಹೋಗುವಾಗ ಭಾರ, ಬರುವಾಗ ಹಗುರ. ಬುತ್ತಿ ಕರಗತೈತಿ, ನೀರ ಕರಗತೈತಿ. ಶಿಕಾರಿ ಚೀಲ ಉಲ್ಟಾ. ಹೋಗುವಾಗ ಹಗುರ, ಬರುವಾಗ ಹೆಣಭಾರ. ಅದಕ್ಕಂತನ ದಪ್ಪ ಚೌಕಟ್ಟ, ಅದಕ್ಕಂತನ ಮಾಂಸದ ಅಟ್ಟಣಿಗಿ. ಆ ಚೀಲ ಆರಸೂದು ಹೋಗೂದನ್ನ ನೋಡಿ ಅಲ್ಲ, ತಿರುಗಿ ಬರೂದನ್ನ ನೋಡಿ. ಈಗ ನೀ ಹೇಳು. ನೀ ಏನ ತರಾಂವ?

ನಾನು... ಫೋಟೊ ತೆಗೆಯೋಣ ಅಂತ.

ಫೋಟೊಕ್ಕ ಎಷ್ಟ ಲೀಟರ ಬೇಕು, ತಮ್ಮಾ?

(ಇಲ್ಲಿ ಸಂದರ್ಶಕ ನೀರು ಕುಡಿಯಲು ಒಳಗೆ ಹೋಗಿ ಬಂದ.)

ಆದರೂ ಹೊಸ ಚೀಲಗಳಲ್ಲಿ ವಿಜ್ಞಾನವಿದೆ. ನಾರ್ವೆಯ ಓಲೆ ಬೆರ್ಗನ್ ಎಂಬಾತ ಬೇಟೆಗೆ ಹೋಗಿ, ಚೀಲ ಬೆನ್ನಿಗೆ ಒತ್ತಿ ಒತ್ತಿ ಸಾಕಾಗಿ, ಕೊಂಬೆಯೊಂದನ್ನು ಬೆನ್ನಿನ ಆಕಾರಕ್ಕೆ ಬಗ್ಗಿಸಿದನಂತೆ. 1909ರಲ್ಲಿ ಅವನ ಚೌಕಟ್ಟಿನ ಚೀಲಕ್ಕೆ ಪೇಟೆಂಟೇ ಸಿಕ್ಕಿತು.

ಅಂವ ಜಾಣ. ಬೆನ್ನಿಗಿ ತಕ್ಕಂಗ ಚೀಲ ಬಗ್ಗಿಸಿದ. ನೀವು ಚೀಲಕ್ಕ ತಕ್ಕಂಗ ಬೆನ್ನ ಬಗ್ಗಸ್ತೀರಿ.

ಅಮೆರಿಕದ ಡಿಕ್ ಕೆಲ್ಟಿ 1952ರ ಹೊತ್ತಿಗೆ ಅಲ್ಯೂಮಿನಿಯಂ ಚೌಕಟ್ಟಿಗೆ ಸೊಂಟದ ಪಟ್ಟಿ ಸೇರಿಸಿದ. ಭಾರ ಹೆಗಲಿನಿಂದ ಸೊಂಟಕ್ಕಿಳಿಯಿತು.

ಅದೂ ಖರೇನ. ಹೆಗಲ ಬರೇ ಮಾಂಸ, ಟೊಂಕ ಎಲುಬು. ಭಾರ ಎಲುಬಿನ ಮ್ಯಾಲ ಕುಂಡ್ರಬೇಕು. ಕೇಳು, ಚೀಲ ತೊಗೊಳ್ಳೂದ ಆದ್ರ ಬಣ್ಣ ನೋಡಬ್ಯಾಡ, ನಿನ್ನ ಬೆನ್ನ ಅಳಿ. ತಲಿ ಬಗ್ಗಿಸಿದ್ರ ಕುತ್ತಿಗಿ ಬುಡಕ್ಕ ಒಂದ ಎಲುಬ ಉಬ್ಬತೈತಲ್ಲ, ಅಲ್ಲಿಂದ ಹಿಡದು ಟೊಂಕದ ಎರಡೂ ಎಲುಬಿಗಿ ಕೈ ಇಟ್ಟಾಗ ಹೆಬ್ಬೆರಳ ಕೂಡೂ ಜಾಗಾದತನಕ. ಅದು ನಿನ್ನ ಅಳತಿ. ಆಳ ಎಷ್ಟ ಉದ್ದ ಅದಾನ ಅನ್ನೂದಲ್ಲ, ಬೆನ್ನ ಎಷ್ಟ ಉದ್ದ ಐತಿ ಅನ್ನೂದ ಲೆಕ್ಕ. ಭಾರದ ಸಾಮಾನ ಬೆನ್ನಿಗಿ ಹತ್ತಿ, ಹೆಗಲ ಎಲುಬಿನ ನಡುವ ಇರಬೇಕು. ಹಾಸಿಗಿ ತಳಕ್ಕ, ಮಳಿ ಅಂಗಿ ಮ್ಯಾಲ. ಖಾಲಿ ಚೀಲ ಬೆನ್ನಿಗಿ ಹಾಕಿ ಕನ್ನಡಿ ಮುಂದ ನಿಂತವ ಚೀಲ ನೋಡಿದಂಗಲ್ಲ, ತನ್ನ ನೋಡಿಕೊಂಡಂಗ. ಹತ್ತ ಕಿಲೋ ಜ್ವಾಳ ತುಂಬಿ ಊರ ಒಂದ ಸುತ್ತ ಹಾಕು. ಆಗ ಚೀಲ ಮಾತಾಡತೈತಿ.

ಜನ ನಗುವುದಿಲ್ಲವೇ?

ನಗ್ಲಿ. ಚೀಲ ಮಾತಾಡೂ ಮಾತ ಬಂತಲ್ಲ, ಅದರ ಸದ್ದನ್ನೂ ಕೇಳು. ಆ ನೈಲಾನ್ ಅರಬಿ ಗಿಡಕ್ಕ ತಿಕ್ಕಿದ್ರ ಚರ್ ಚರ್, ಆ ಅಂಟಪಟ್ಟಿ ಬಿಚ್ಚಿದ್ರ ಪರ್ ಅಂತೈತಿ. ಮೊಲ ಅಷ್ಟೊತ್ತಿಗಿ ಮೂಡಲಗಿ ಮುಟ್ಟಿರತೈತಿ. ಪರದೇಶದ ಶಿಕಾರಿ ಚೀಲದಾಗ ಮೆತ್ತನ ಅರಬಿ ಹುಡಕತಾರ, ಯಾಕಂದ್ರ ಸದ್ದ ಇರಬಾರದು. ನಾ ನೂಲು. ಗಾಳಿಗಿ ಕೂಡ ಸುದ್ದಿ ಹೇಳಂಗಿಲ್ಲ.

ಎರಡು ಹೊಟ್ಟೆಯ ತಮ್ಮ ವಿನ್ಯಾಸ ಹಳತಾಯಿತೆಂದು ಅನಿಸುವುದಿಲ್ಲವೇ?

ಅದಕ್ಕೂ ಲೆಕ್ಕ ಐತಿ. 1971ರಾಗ ದತ್ತ, ರಾಮನಾಥನ್ ಅಂತ ಇಬ್ಬರು ನಮ್ಮ ದೇಶದವರ ಮೂವತ್ತ ಕಿಲೋ ಭಾರ ಏಳ ನಮೂನಿ ಹೊರಿಸಿ ಉಸರ ಅಳದ್ರು. ತಲಿ ಮ್ಯಾಲ, ಬೆನ್ನ ಮ್ಯಾಲ, ಹಣಿಪಟ್ಟಿಗಿ, ಅಡ್ಡಿಗಿ, ಕೈಯಾಗ... ಎಲ್ಲಾದಕ್ಕಿಂತ ಕಡಿಮಿ ದಣದವ ಯಾರು? ಮುಂದೊಂದು ಹಿಂದೊಂದು ಹೊತ್ತಾಂವ! ಎರಡನೇದು ತಲಿ ಮ್ಯಾಲಿನ ಭಾರ. ನಿನ್ನ ಬೆನ್ನಚೀಲ ಮೂರನೇದು. ಕೈಯಾಗ ಹಿಡದವಗ ನನಗಿಂತ ನೂರಕ್ಕ ನಲವತ್ತರ ಮ್ಯಾಲ ಹೆಚ್ಚಿನ ಖರ್ಚ.

ಆಯಿ, ಅವರು ಬಳಸಿದ್ದು ಎರಡೂ ಹೆಗಲಿಗೆ ಕಟ್ಟುವ ಜೋಡಿಚೀಲ. ತಾವು ಒಂದೇ ಹೆಗಲಿನವರು.

(ಸ್ವಲ್ಪ ಹೊತ್ತು ಮೌನ.) ಅಕ್ಕನ ಮಗಳು ಗೆದ್ರ ಮೌಶಿ ಹೋಳಿಗಿ ಹಂಚಬಾರದೇನು? ಇರ್ಲಿ, ನನ್ನ ಕುಂದ ನಾನ ಹೇಳತೇನಿ. ಮುಂದಿನ ಹೊಟ್ಟಿ ತುಂಬಿದ್ರ ಕಾಲ ಕಾಣಂಗಿಲ್ಲ, ಕಲ್ಲಿನ ಹಾದ್ಯಾಗ ಎಡವತಿ. ಒಂದ ಹೆಗಲ ನೊಂದ್ರ ಇನ್ನೊಂದಕ್ಕ ಹಾಕಬೇಕು. ಮಳಿ ಬಂದ್ರ ಹೊಳಿ ಕುಡದಂಗ ಕುಡೀತೇನಿ, ಎರಡಪಟ್ಟ ತೂಗತೇನಿ. ಇಲಿ ಹೊಕ್ಕಿದ್ದಕ್ಕ ನೋಡು, ನಿಮ್ಮ ಆಯಿ ಸೀರಿ ತೇಪಿ. ನಿನ್ನ ಮೊಬೈಲಿನ ಚೀಲದ ಕೆಳಗ ಕುಂದ ಬರದಾರೇನು?

ಇಲ್ಲ. ಐದು ಚುಕ್ಕಿ ಇವೆ.

ಚುಕ್ಕಿ ಭಾರ ಹೇಳಂಗಿಲ್ಲ ತಮ್ಮಾ. ನಮ್ಮೂರ ಟೋಲ್ ನೋಡೀಯಲ್ಲ. ಖಾಲಿ ಕಾರಿಗೂ ಐದ ಮಂದಿ ಕುಂತ ಕಾರಿಗೂ ರೊಕ್ಕ ಒಂದ. ಬೆನ್ನಿನ ಟೋಲ್ ಹಂಗಲ್ಲ. ಹೆಜ್ಜೆಗೊಂದು ನಾಕಾ, ಸೇರಿಗೊಂದು ಪಾವತಿ, ಫಾಸ್ಟ್ಯಾಗ್ ನಡಿಯಂಗಿಲ್ಲ. ಅಂಥಾ ಚೌಕಟ್ಟಿನ ಚೀಲ ಖಾಲಿ ಇದ್ದಾಗನ ಎಷ್ಟ ತೂಗತೈತಿ?

ಸುಮಾರು ಮೂರು ಕಿಲೋ.

ಮೂರ ಕಿಲೋ! 2019ರಾಗ ನಮ್ಮ ಸರಕಾರ ಹುಕುಂ ಮಾಡಿತ್ತಲ್ಲ, ಸಾಲಿ ಹುಡುಗರ ಪಾಟಿಚೀಲ ಎಷ್ಟ ತೂಗಬೇಕಂತ. ಒಂದನೇತ್ತೆ ಎರಡನೇತ್ತೆಗಿ ಒಂದೂವರಿಯಿಂದ ಎರಡ ಕಿಲೋ. ಆರರಿಂದ ಎಂಟನೇತ್ತೆಗಿ ಮೂರರಿಂದ ನಾಕ. ನಿನ್ನ ಮಗನ ಇಡೀ ವಿದ್ಯೆಕ್ಕ ಸರಕಾರ ಕೊಟ್ಟಷ್ಟ ತೂಕ ನಿನ್ನ ಚೀಲ ಬರೇ ಗಾಳಿ ತುಂಬಿಕೊಂಡಾಗ ತೂಗತೈತಿ. ಆದ್ರ ಒಂದ ಮಾತ. ಈ ಮನ್ಯಾಗ ದಿನಾ ಗುಡ್ಡ ಹತ್ತಿ ಇಳದಂಗ ಚೀಲ ಹೊರಾಂವ ನಿನ್ನ ಆರನೇತ್ತೆ ಮಗ. ಅವನ ಬೆನ್ನ ಅಳದೀಯೇನು? ಅವನ ಚೀಲದ ಪಟ್ಟಿ ಸಡಲ ಬಿಟ್ಟು, ಚೀಲ ಕುಂಡಿಗಿ ಬಡಿಯಾಕತ್ತೈತಿ. ನೀ ಹದಿನೇಳ ದಿನದಿಂದ ಬೇರೆ ಚೀಲದ ಪಟ್ಟಿ ನೋಡಾಕತ್ತಿ.

(ಗಂಟಲು ಸರಿಪಡಿಸಿಕೊಂಡು) ತಾವು ನಿಜವಾಗಿ ಕಾಡು ಕಂಡಿದ್ದೀರಾ?

ನಲ್ಲಮಲ ಕಂಡೇನಿ. ಯುಗಾದಿ ಮುಂದ ನಮ್ಮ ಕಡೆಯಿಂದ ಮಂದಿ ನಡಕೊಂತ ಶ್ರೀಶೈಲಕ್ಕ ಹೊಕ್ಕಾರಲ್ಲ, ನಿಮ್ಮ ಮುತ್ಯಾನ ಹೆಗಲಿನ ಮ್ಯಾಲ ನಾನೂ ಹೋಗೇನಿ. ಭೀಮನಕೊಳ್ಳದಾಗ ಇಳದು ಹತ್ತುವಾಗ ಶ್ರೀಮಂತ ಬಡವ ಗೊತ್ತಾಗಂಗಿಲ್ಲ. ಯಾರ ಚೀಲ ದೊಡ್ಡದೈತಿ ಅಂವ ಅಳತಾನ. ನನ್ನ ಮುಂದಿನ ಹೊಟ್ಟ್ಯಾಗ ಕಟಕ ರೊಟ್ಟಿ, ಗುರೆಳ್ಳ ಹಿಂಡಿ, ಒಂದ ಉಂಡಿ ಗೋಕಾಕ ಕರದಂಟು. ಅಂಟ ಕರದು, ಬೆಲ್ಲ ಉತ್ತತ್ತಿ ಕೂಡಿಸಿ ಮಾಡಿದ್ದು, ಅದಕ್ಕ ಆ ಹೆಸರು. ನಿಮ್ಮ ಅಂಗಡ್ಯಾಗ ಅದಕ್ಕ ಬ್ಯಾರೆ ಕಾಗದ ಸುತ್ತಿ ಎನರ್ಜಿ ಬಾರ್ ಅಂತಾರ. ಹಿಂದಿನ ಹೊಟ್ಟ್ಯಾಗ ಒಂದ ಧೋತರ, ಒಂದ ಕಂಬಳಿ. ಅಷ್ಟ.

ಬರುವಾಗ?

ಬರುವಾಗ ಮುಂದ ವಿಭೂತಿ, ಹಿಂದ ಊರ ಮಂದಿಗೆಲ್ಲ ಹಂಚೂ ಪ್ರಸಾದ. ಹೋಗುವಾಗ ತನ್ನ ಹೊಟ್ಟಿಗಿ, ಬರುವಾಗ ಮಂದಿ ಹೊಟ್ಟಿಗಿ. ಶಿಕಾರಿಯವನದೂ ಮೊದಲ ಹಂಗ ಇತ್ತು ತಮ್ಮಾ. ತಂದದ್ದನ್ನ ಓಣ್ಯಾಗ ಪಾಲ ಹಾಕತಿದ್ರು. ನಾ ಕಂಡೇನಿ.

ಕಂಡಿದ್ದೀರಾ? ಹಾಗಾದರೆ ಆ ಕಲೆ...

ಎಣ್ಣಿ ಅಂದ್ನಲ್ಲ!

ಕೊನೆಯದಾಗಿ, ನಾನು ಆ ಚೀಲ ಕೊಳ್ಳಲೇ, ಬೇಡವೇ?

ನಿನ್ನ ರೊಕ್ಕ. ನಾಳಿ ಸಂತಿ ಐತಿ. ನನ್ನ ಹೆಗಲಿಗಿ ಹಾಕ್ಕೊಂಡ ಹೋಗು, ತುಂಬಕೊಂಡ ಬಾ. ಆಮ್ಯಾಲ ನಿನ್ನ ಹೆಗಲ ಏನ ಅಂತೈತಿ ಅದನ್ನ ಕೇಳು, ನನ್ನಲ್ಲ.

ಮರುದಿನ ಹೋದೆ. ಮೊದಲು ಮಗನ ಪಾಟಿಚೀಲದ ಪಟ್ಟಿ ಎಳೆದು ಬೆನ್ನಿಗೆ ಹತ್ತಿಸಿದೆ. ಅದಕ್ಕೆ ಎರಡು ನಿಮಿಷ ಹಿಡಿಯಿತು. ಸಂತೆಯಲ್ಲಿ ಮುಂದಿನ ಹೊಟ್ಟೆಗೆ ಉಳ್ಳಾಗಡ್ಡಿ, ಹಿಂದಿನ ಹೊಟ್ಟೆಗೆ ಬೆಲ್ಲ. ಒಂದು ಉಳ್ಳಾಗಡ್ಡಿ ಹೆಚ್ಚಾದರೆ ಎದೆ ಜಗ್ಗುತ್ತದೆ, ಒಂದು ತುಂಡು ಬೆಲ್ಲ ಹೆಚ್ಚಾದರೆ ಬೆನ್ನು ಎಳೆಯುತ್ತದೆ. ಎರಡೂ ಸಮವಾದ ಕ್ಷಣಕ್ಕೆ ಭಾರ ಎಲ್ಲಿಗೋ ಹೋಯಿತು, ನಾನೊಬ್ಬನೇ ಉಳಿದೆ. ಹೆದ್ದಾರಿಯ ಪಕ್ಕದ ಹಾದಿಯಲ್ಲಿ ಬರುವಾಗ ಮೊಬೈಲು ಟಿಂಗ್ ಎಂದಿತು. ಅದೇ ಚೀಲದ ಬೆಲೆ ಇಳಿದಿರಬೇಕು. ತೆಗೆಯೋಣವೆಂದು ಕಿಸೆಯ ಕಡೆ ಬಾಗಿದೆ.

"ಬಗ್ಗಬ್ಯಾಡ" ಎಂದಿತು ಹೆಗಲ ಮೇಲಿನ ದನಿ, "ಉಳ್ಳಾಗಡ್ಡಿ ಬೀಳ್ತಾವ."