ಮಳಿ ಅಂದ್ರ ಆ ವರ್ಷದ್ದು!

ಬ್ರಿಟನ್ನಿನ ಹಿರಿಯರನ್ನು ಹವಾಮಾನದ ಮಾತಿಗೆ ಎಳೆದರೆ 1962–63ರ ಚಳಿಗಾಲ ಹೊರಗೆ ಬರುತ್ತದೆ. ಕ್ರಿಸ್‌ಮಸ್ ಮರುದಿನ ಬಿದ್ದ ಹಿಮ ಎಷ್ಟೋ ಊರುಗಳಲ್ಲಿ ಮಾರ್ಚ್‌ವರೆಗೆ ಕರಗಲಿಲ್ಲ. ಅಂಥದ್ದು ಇನ್ನೊಮ್ಮೆ ಬರಲಿ ಎಂದು ಕಾಯುವವರು ಅಲ್ಲಿ ಈಗಲೂ ಇದ್ದಾರೆ. ಬೆಳಗಾವಿಯ ಶಿವಬಸವ ನಗರದವರಿಗೆ ಆ ಭಾಗ್ಯವಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದರೂ ಆಕಾಶದಿಂದ ಬೆಳ್ಳಗೆ ಬೀಳುವುದು ಆಣೆಕಲ್ಲೊಂದೇ. ಇನ್ನು ಚಳಿಗಾಲ ಬಂದದ್ದು ಗೊತ್ತಾಗುವುದು ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದಾಗ. ಅಲ್ಲಿಯೂ ಬಿಸಿಯೇ ಜಾಸ್ತಿ.

ಹಾಗಾಗಿ ಇಲ್ಲಿಯ ಹವಾಮಾನಪ್ರಿಯರು ಮಳೆಗೆ ಜೋತುಬಿದ್ದಿದ್ದಾರೆ.

ಎರಡು ದಿನ ಬಿಡದೆ ಸುರಿದರೆ ಸಾಕು, ಚಹಾದಂಗಡಿಯಲ್ಲಿ ಹುಡುಗನೊಬ್ಬ “ಏನ್ ಮಳೀರಿ ಕಾಕಾ!” ಎನ್ನುತ್ತಾನೆ. ಕಾಕಾ ಬಸಿ ಕೆಳಗಿಡುವುದಿಲ್ಲ. “ಇದಕ್ಕ ಮಳಿ ಅಂತಾರೇನೋ? ಮಳಿ ಅಂದ್ರ ಹತ್ತೊಂಬತ್ತರದ್ದು.” ಪಕ್ಕದವರು 2005ರ ಜುಲೈ ತೆಗೆಯುತ್ತಾರೆ. ಕೊನೆಗೆ ಮೂಲೆಯ ಅಜ್ಜಾರು “ನಾವ್ ಸಣ್ಣಾವ್ರಿದ್ದಾಗ...” ಎಂದು ಬಾಯಿ ತೆರೆದರೆ ಉಳಿದವರ ಆಟ ಮುಗಿಯಿತು. ಇಸವಿಯಿಲ್ಲದ, ಅಳತೆಯಿಲ್ಲದ ಆ ಮಳೆಯನ್ನು ಸೋಲಿಸುವುದು ಹೇಗೆ?

ಖಾನಾಪುರದವರೊಬ್ಬರು ಕೂತಿದ್ದರೆ ಅಜ್ಜಾರೂ ಸುಮ್ಮನಾಗಬೇಕು. ಅರಬ್ಬಿ ಸಮುದ್ರದ ಮೋಡಗಳು ಸಹ್ಯಾದ್ರಿ ಏರುವಾಗ ಹೊರೆಯೆಲ್ಲ ಇಳಿಸುವುದು ಆ ತಾಲ್ಲೂಕಿನ ಕಾಡಿನಲ್ಲಿ. ಅಲ್ಲಿಯ ಆಮಗಾಂವದಲ್ಲಿ 2010ರ ಮಳೆ 10 ಸಾವಿರ ಮಿಲಿಮೀಟರ್ ದಾಟಿತ್ತು. ಬೆಳಗಾವಿಗೆ ವರ್ಷಕ್ಕೆ ಬೀಳುವುದು ಸುಮಾರು 1,300. ಶಿವಬಸವ ನಗರದವರು ರೇನ್‌ಕೋಟ್ ಹಾಕಿಕೊಂಡು ಹೆಮ್ಮೆಪಡುವುದು ಉಳಿಕೆ ಮೋಡಗಳ ಮೇಲೆ!

ಇವರ ಜುಲೈ ಮುಂಜಾನೆ ಪತ್ರಿಕೆಯಲ್ಲಿ ರಾಕಸಕೊಪ್ಪ ಜಲಾಶಯದ ಮಟ್ಟ ಹುಡುಕುವುದರಿಂದ ಆರಂಭ. ನಗರಕ್ಕೆ ಕುಡಿಯುವ ನೀರು ಕೊಡುವ ಈ ಕೆರೆಯಂಥ ಜಲಾಶಯ 2475 ಅಡಿಗೆ ತುಂಬುತ್ತದೆ. ಅರ್ಧ ಅಡಿ ಏರಿದರೂ ತಾವೇ ನೀರು ಹೊತ್ತು ಹಾಕಿದಂತೆ ಬೀಗುತ್ತಾರೆ.

ಆದರೂ “2019 ಮತ್ತೆ ಬರಲಿ” ಎನ್ನಲು ನಾಲಿಗೆ ತಡೆಯುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಆ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟನ್ನು ತುಂಬಿ, ಕೆಳಗಿನ ರಾಮದುರ್ಗದ ಮನೆಗಳಿಗೆ ನುಗ್ಗಿತು. ಬೆಳಗಾವಿಯಲ್ಲೂ ಎಷ್ಟೋ ಬಡಾವಣೆಗಳಲ್ಲಿ ನೀರು ನಿಂತಿತ್ತು. ಆ ವರ್ಷವನ್ನು ಸವಿಸವಿಯಾಗಿ ನೆನೆಯುವವರು ಹೆಚ್ಚಾಗಿ ಮಹಡಿ ಮನೆಯವರೇ. ಹಾಗಾಗಿ ಕಾಕಾ ಈಗ ಬೇಡಿಕೆಗೆ ಷರತ್ತು ಹಾಕಿದ್ದಾರೆ: “ರಾಕಸಕೊಪ್ಪ ತುಂಬೂವಷ್ಟು ಬರ್ಲಿ, ರಾಮದುರ್ಗಕ್ಕ ಹೋಗೂದು ಬ್ಯಾಡ.”