ಯಾವ ಮಗ್ಗಿಗೂ ಸಿಗದ ಸಂಖ್ಯೆ

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. ಅಂಕಿಯಲ್ಲಿ 2147483647. ಒಂದು ಸಲ ಬಾಯಿತುಂಬ ಹೇಳಿ ನೋಡಿ, ಎಷ್ಟು ಚೆನ್ನಾಗಿದೆ!

ಕಂಪ್ಯೂಟರ್ ಓದಿದ ಹುಡುಗರು ಇದನ್ನು ಥಟ್ಟನೆ ಗುರುತು ಹಿಡೀತಾರೆ. 32 ಬಿಟ್‌ನಲ್ಲಿ ಒಂದು ಚಿಹ್ನೆಗೆ ಹೋದರೆ ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದ ಹಳೆಯ ಕಂಪ್ಯೂಟರುಗಳು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಈ ಸಂಖ್ಯೆ ಮುಟ್ಟುತ್ತವೆ. ಮುಂದಿನ ಸೆಕೆಂಡಿಗೆ ಅವುಗಳಲ್ಲಿ ಜಾಗ ಇಲ್ಲ.

ಅದೇನೋ ಸರಿ. ಆದರೆ ಬರೀ ಗಡಿಕಲ್ಲು ಅಂತ ಇದನ್ನು ನೆನೆಯೋದು ಅನ್ಯಾಯ ಅನ್ನಿಸುತ್ತೆ ನನಗೆ. ಇದರ ದೊಡ್ಡಸ್ತಿಕೆ ಬೇರೆಯೇ: ಇದು ಅವಿಭಾಜ್ಯ. ಒಂದು ಮತ್ತು ತಾನು ಬಿಟ್ಟರೆ ಯಾವುದರಿಂದಲೂ ಭಾಗವಾಗೋದಿಲ್ಲ. 31 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಸಿಗುವ ಈ ಸಂಖ್ಯೆ, ಹೀಗೇ ಎರಡುಗಳಿಂದ ಹುಟ್ಟುವ ಮೆರ್ಸೆನ್ ಅವಿಭಾಜ್ಯಗಳ ಸಾಲಿನಲ್ಲಿ ಎಂಟನೆಯದು.

ಇದನ್ನು ಸಾಧಿಸಿ ತೋರಿಸಿದವನು ಗಣಿತಜ್ಞ ಆಯ್ಲರ್. 1772ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಆಗ ಅವನಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ! ಈ ಸಂಖ್ಯೆಯ ವರ್ಗಮೂಲ 46340ರ ಆಸುಪಾಸು; ಅಲ್ಲಿಯವರೆಗಿನ ಅವಿಭಾಜ್ಯಗಳೆಲ್ಲವನ್ನೂ ಹಾಕಿ ಭಾಗಿಸಬೇಕೆಂದರೆ ನಾಲ್ಕು ಸಾವಿರಕ್ಕೂ ಮೇಲೆ. ಅವನು ಅಷ್ಟು ಹೆಣಗಲಿಲ್ಲ. ಇದನ್ನು ಭಾಗಿಸುವ ಅವಿಭಾಜ್ಯ ಏನಾದರೂ ಇದ್ದರೆ ಅದರಿಂದ ಒಂದು ಕಳೆದಾಗ 62ರ ಮಗ್ಗಿಯಲ್ಲಿ ಬರಬೇಕು. ಜೊತೆಗೆ 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಉಳಿಯಬೇಕು. ಈ ಎರಡು ಜರಡಿ ಹಿಡಿದರೆ ಮೊದಲು ಸಿಗುವ ಅವಿಭಾಜ್ಯ 311. ಭಾಗಿಸಿ ನೋಡಿ, ಶೇಷ 35. ಅದಾದ ಮೇಲೆ ಸೀದಾ 1303. ಅಲ್ಲಿ ಶೇಷ 226. ಹೀಗೆ ಕೊನೆ ಮುಟ್ಟಿದರೂ ಯಾವುದೂ ನಿಶ್ಶೇಷವಾಗಿ ಹೋಗೋದಿಲ್ಲ. ನಡುವಿನ ಸಾವಿರಾರು ಸಂಖ್ಯೆಗಳನ್ನು ಮುಟ್ಟದೆಯೇ ತಳ್ಳಿಹಾಕಿದ ಆ ಬುದ್ಧಿಗೆ ಕೈ ಮುಗಿಯಬೇಕು.

ನಮ್ಮ ಸಂಖ್ಯೆಯನ್ನೇ 30 ಎರಡುಗಳ ಗುಣಲಬ್ಧದಿಂದ ಗುಣಿಸಿದರೆ 2305843008139952128. ಇದು ಪರಿಪೂರ್ಣ ಸಂಖ್ಯೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ 6 ಮತ್ತು 28ರ ಹಾಗೆ ತಾನೇ ಬರುತ್ತೆ. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಎಂದೂ ಸಿಗಲಾರದು ಅಂತ ಬರೆದ. ಉಪಯೋಗಕ್ಕೆ ಬಾರದ ಬರೀ ಕುತೂಹಲಕ್ಕಾಗಿ ಮುಂದಕ್ಕೆ ಯಾರು ಹುಡುಕುತ್ತಾರೆ ಅನ್ನೋದು ಅವನ ವಾದ. ಜನ ಹುಡುಕಿದರು, ಸಿಕ್ಕಿತು; ಈಗಲೂ ಹುಡುಕುತ್ತಲೇ ಇದ್ದಾರೆ. ಉಪಯೋಗ ನೋಡಿ ಕುತೂಹಲ ಹುಟ್ಟುತ್ತೆ ಅಂತ ಬಾರ್ಲೋಗೆ ಯಾರು ಹೇಳಿದರೋ!

ನಮ್ಮ ಸಂಖ್ಯೆಯ ವಂಶಾವಳಿಯೂ ಸೊಗಸು. ಐದು ಎರಡುಗಳನ್ನು ಗುಣಿಸಿ ಒಂದು ಕಳೆಯಿರಿ, 31. ಅದು ಅವಿಭಾಜ್ಯ. 31 ಎರಡುಗಳನ್ನು ಹಾಗೇ ಮಾಡಿದರೆ ನಮ್ಮ ಸಂಖ್ಯೆ. ಹಾಗಾದರೆ ಇದರಷ್ಟೇ ಎರಡುಗಳನ್ನು ಗುಣಿಸಿ ಒಂದು ಕಳೆದರೆ? ಬರುವ ಸಂಖ್ಯೆಗೆ 64 ಕೋಟಿಗೂ ಹೆಚ್ಚು ಅಂಕಿ. ಅದೂ ಅವಿಭಾಜ್ಯವೇ ಇರಬೇಕು ಅಂತ ಮನಸ್ಸು ಎಷ್ಟು ಆಸೆಪಟ್ಟರೂ ಇಲ್ಲ, 295257526626031 ಅದನ್ನು ಸರಿಯಾಗಿ ಭಾಗಿಸಿಬಿಡುತ್ತೆ.