‘ಏರು ಬಂದರೆ ನಾನೂ ಲಗೇಜೇ!’

ಮಹಾಲಕ್ಷ್ಮಿ ಲೇಔಟಿನ ಪ್ರಸನ್ನ ವೀರಾಂಜನೇಯ ದೇವಸ್ಥಾನದ ಗುಡ್ಡದಿಂದ ಕೆಳಗಿಳಿಯುವ ಒಂದು ಅಡ್ಡರಸ್ತೆ. ಅಪಾರ್ಟ್‌ಮೆಂಟಿನ ಗೇಟಿಗೆ ಒರಗಿ ನಿಂತಿತ್ತು ಗ್ಯಾಸಿನವನ ಅಟ್ಲಾಸ್ ಸೈಕಲ್. ಕ್ಯಾರಿಯರಿಗೆ ವೆಲ್ಡ್ ಮಾಡಿಸಿದ ಕೊಕ್ಕೆಗಳಲ್ಲಿ ಆ ಕಡೆ ಒಂದು, ಈ ಕಡೆ ಒಂದು ಸಿಲಿಂಡರ್. ಮೇಲೆ ಅಡ್ಡಡ್ಡ ಇನ್ನೊಂದು, ಹಳೇ ಟ್ಯೂಬು ಸೀಳಿದ ಪಟ್ಟಿಯಲ್ಲಿ ಬಿಗಿದದ್ದು. ನಾಲ್ಕನೆಯದನ್ನು ಹೆಗಲಿಗೇರಿಸಿಕೊಂಡು ಯಜಮಾನ ಮೂರನೇ ಮಹಡಿಗೆ ಹತ್ತಿದ್ದ. ಅವನು ಇಳಿದು ಬರುವಷ್ಟರಲ್ಲಿ ಮಾತು ಮುಗಿಸಬೇಕಿತ್ತು.

ನಾವು: ನಮಸ್ಕಾರ. ಸುಸ್ಥಿರ ಸಾರಿಗೆ ಕುರಿತು ನಮ್ಮ ಪತ್ರಿಕೆ ವಿಶೇಷ ಸಂಚಿಕೆ ತರುತ್ತಿದೆ. ಭವಿಷ್ಯದ ವಾಹನ ನೀವೇ ಅಂತೆ?

ಸೈಕಲ್: ಭವಿಷ್ಯ ಆಮೇಲೆ ನೋಡೋಣ ಸಾರ್. ಹಿಂದಿನ ಚಕ್ರದಲ್ಲಿ ಗಾಳಿ ಇದೆಯಾ, ಸ್ವಲ್ಪ ಒತ್ತಿ ನೋಡಿ.

ನಾವು: ಇದೆ. ಒಟ್ಟು ಎಷ್ಟು ಭಾರ ಹೊರ್ತೀರಿ?

ಸೈಕಲ್: ಒಂದು ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆಜಿ. ಕಬ್ಬಿಣ ಅದಕ್ಕಿಂತ ಒಂದು ತೂಕ ಜಾಸ್ತಿ. ಅಲ್ಲಿಗೆ 30 ಅಂತಿಟ್ಟುಕೊಳ್ಳಿ, ನಾಲ್ಕಕ್ಕೆ 120. ವಾಪಸ್ ಬರೋವಾಗ ಖಾಲಿ ಬರ್ತೀವಿ. ಖಾಲಿ ಅಂದರೆ 60 ಕೆಜಿ! ಗಿರಾಕಿಗಳು ಸಿಲಿಂಡರ್ ತೂಕ ಹಾಕಿಸಿಕೊಳ್ಳಬಹುದು, ಅದು ಅವರ ಹಕ್ಕು. 200 ಗ್ರಾಂ ಕಡಿಮೆ ಬಂದರೆ ಬೀದಿ ರಂಪ. ಅದೇ ತಕ್ಕಡಿಗೆ ನಮ್ಮವನನ್ನೊಮ್ಮೆ ನೇತುಹಾಕಿ ನೋಡಲಿ, ವರ್ಷಾ ವರ್ಷಾ ಎಷ್ಟು ಇಳಿದಿದ್ದಾನೆ ಅಂತ ಗೊತ್ತಾಗುತ್ತೆ.

ನಾವು: ಈ ಏರುಗಳಲ್ಲಿ ಹೇಗೆ ತುಳೀತಾರೆ?

ಸೈಕಲ್: ತುಳಿಯೋದಾ? ಇಳಿದು ತಳ್ತಾನೆ. ನನಗೇನು ಗೇರಿದೆಯಾ? ನನ್ನದೇ 20 ಕೆಜಿ ಮೇಲಿದೆ, ಏರು ಬಂದರೆ ನಾನೂ ಲಗೇಜೇ. ಆದರೆ ಎಲ್ಲರೂ ಏರು ಕೇಳ್ತಾರೆ, ಇಳಿಜಾರು ಕೇಳೋರಿಲ್ಲ. ಹಿಂದಿನ ಚಕ್ರಕ್ಕೆ 40 ಕಡ್ಡಿ, ಮುಂದಿನದಕ್ಕೆ 32. ಭಾರ ಹಿಂದೆ ಬೀಳುತ್ತೆ ಅಂತ ಹಾಗೆ ಕಟ್ಟಿದ್ದಾರೆ. ಹಂಪ್ ಸಿಕ್ಕರೆ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತೆ, ಹ್ಯಾಂಡಲ್ ತಿರುಗಿಸಿದರೂ ಒಂದೇ ಬಿಟ್ಟರೂ ಒಂದೇ. ಮಳೆಯಲ್ಲಿ ರಿಮ್ಮು ನೆನೆದರೆ ಬ್ರೇಕ್ ಕಟ್ಟೆ ಜಾರುತ್ತೆ. ಆಗ ಅವನ ಹವಾಯಿ ಚಪ್ಪಲಿಯೇ ಬ್ರೇಕು. ಎಡಗಾಲಿನ ಹಿಮ್ಮಡಿ ಸವೆದಿರೋದು ನೋಡಿ ಬೇಕಾದರೆ.

ನಾವು: ಮೇಲೆ ಬಂಡೆಯಲ್ಲಿ 22 ಅಡಿ ಎತ್ತರದ ಆಂಜನೇಯ ಇದ್ದಾನೆ, ಪರ್ವತವನ್ನೇ ಹೊತ್ತವನು. ನಿಮಗೆ ಸ್ಫೂರ್ತಿಯೇ?

ಸೈಕಲ್: ದಿನಾ ಕೈ ಮುಗೀತೀನಿ. ಆದರೆ ಅವರದು ಒಂದೇ ಟ್ರಿಪ್ಪು, ಅದೂ ಆಕಾಶಮಾರ್ಗ. ಹೊಂಡ ಇಲ್ಲ, ಒಟಿಪಿ ಇಲ್ಲ. ಯಾವ ಬೇರು ಅಂತ ಗೊತ್ತಾಗದೆ ಇಡೀ ಬೆಟ್ಟ ಕಿತ್ತು ತಂದರೂ ‘ಆರ್ಡರ್ ಮಾಡಿದ್ದು ಇದಲ್ಲ’ ಅಂತ ಯಾರೂ ವಾಪಸ್ ಕಳಿಸಲಿಲ್ಲ.

ನಾವು: ನಿಮ್ಮ ಕುಲದಲ್ಲಿ ಹೆಸರು ಮಾಡಿದವರು?

ಸೈಕಲ್: ವಿಯೆಟ್ನಾಮಿನ ದಾಯಾದಿಗಳು. 1954ರ ದಿಯನ್ ಬಿಯನ್ ಫೂ ಕಾಳಗದಲ್ಲಿ ಅಕ್ಕಿ, ಮದ್ದುಗುಂಡು ಹೊತ್ತು ಕಾಡುಬೆಟ್ಟ ಹತ್ತಿದರು. ಒಬ್ಬೊಬ್ಬರ ಮೇಲೆ 200 ಕೆಜಿಗೂ ಮಿಗಿಲು. ಅಲ್ಲೂ ಯಾರೂ ತುಳೀಲಿಲ್ಲ, ಹ್ಯಾಂಡಲಿಗೆ ಬಿದಿರು ಕಟ್ಟಿ ತಳ್ಳಿದ್ದೇ. ಫ್ರಾನ್ಸಿನ ಪೂಜೋ ಕಂಪನಿ ಮಾಡಿದ ಸೈಕಲ್ಲುಗಳೇ ಫ್ರೆಂಚ್ ಸೈನ್ಯವನ್ನು ಸೋಲಿಸೋಕೆ ಹೋದವು. ಅವರೀಗ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಆರಾಮಾಗಿದ್ದಾರೆ. ನನಗೆ ಕಾದಿರೋದು ಗುಜರಿ.

ನಾವು: ಜಗತ್ತು ನಿಮ್ಮನ್ನು ಮರೆತಿಲ್ಲ. ಜೂನ್ 3 ವಿಶ್ವ ಸೈಕಲ್ ದಿನ.

ಸೈಕಲ್: ಮರೆಯೋದುಂಟೇ? ನಮ್ಮ ತವರು, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ಕ್ಕೇ. ಹಬ್ಬದ ದಿನವೇ ತಿಥಿ.

ನಾವು: ಬೆಂಗಳೂರೂ ಸುಮ್ಮನೆ ಕೂತಿಲ್ಲ. ಸೈಕಲ್ ದಿನ ಆಚರಿಸಿದೆ, ಹೊರ ವರ್ತುಲ ರಸ್ತೆಯಲ್ಲಿ ಸೈಕಲ್ ಪಥ ಮಾಡಿದೆ.

ಸೈಕಲ್: ಪಥ ಬಂದದ್ದು ಸಿಲ್ಕ್ ಬೋರ್ಡ್ ಕಡೆ. ಕುರುಬರಹಳ್ಳಿಗೆ ಗ್ಯಾಸು ಕೊಡೋಕೆ ಅಷ್ಟು ಸುತ್ತು ಹಾಕಲೇ? ಇನ್ನು ಸೈಕಲ್ ದಿನ ಅಂದರೆ ಹೆಲ್ಮೆಟ್ಟು, ಬಿಗಿ ಚಡ್ಡಿ, ಎಂಟು ಕೆಜಿ ತೂಗೋ ಕಾರ್ಬನ್ ಸೈಕಲ್ಲು. ಒಂದು ಕೆಜಿ ಇಳಿಸೋಕೆ ಅವರು ಸಾವಿರಾರು ರೂಪಾಯಿ ಸುರೀತಾರೆ. ಒಂದು ಸಿಲಿಂಡರ್ ಏರಿಸೋಕೆ ನಮ್ಮವನು ಸಾಲ ಮಾಡಿ ಕೊಕ್ಕೆ ವೆಲ್ಡ್ ಮಾಡಿಸ್ತಾನೆ. ಇಬ್ಬರೂ ಸೈಕಲ್ ಸವಾರರೇ ಅನ್ನಿ. ಅವರನ್ನು ಕಂಡರೆ ‘ಫಿಟ್’, ನಮ್ಮನ್ನು ಕಂಡರೆ ‘ಸೈಡಿಗೆ ಹೋಗೋ’.

ನಾವು: ಮನೆ ಬಾಗಿಲಿಗೆ ಸಾಮಾನು ತಲುಪಿಸೋರಿಗೆ ಅಂತ 2025ರಲ್ಲಿ ಕರ್ನಾಟಕದಲ್ಲಿ ಕಾನೂನೇ ಬಂತಲ್ಲ?

ಸೈಕಲ್: ಒಳ್ಳೇ ಕೆಲಸ. ಆ ಹುಡುಗರೂ ನಮ್ಮ ಹಾಗೇ ಬೆವರು ಸುರಿಸೋರು. ಆದರೆ ಅದು ಪ್ಲಾಟ್‌ಫಾರ್ಮ್ ಕಾರ್ಮಿಕರಿಗೆ. ನಮ್ಮವನು ಕಂಡಿರೋದು ಯಶವಂತಪುರ ಸ್ಟೇಷನ್ ಪ್ಲಾಟ್‌ಫಾರ್ಮ್ ಮಾತ್ರ, ಅದೂ ಊರಿಗೆ ಹೋಗುವಾಗ. ಆಪ್ ಇಲ್ಲದವನ ಬೆವರಿಗೆ ನೋಟಿಫಿಕೇಷನ್ ಬರಲ್ಲ ಸಾರ್.

ನಾವು: ಯಾಕೋ ಅವರು ಇನ್ನೂ ಇಳಿಯಲಿಲ್ಲ. ಲಿಫ್ಟ್ ಕೆಟ್ಟಿದೆಯೇ?

ಸೈಕಲ್: ಚೆನ್ನಾಗಿದೆ. ಬೋರ್ಡ್ ಓದಿ: ‘ಸಿಲಿಂಡರ್, ನೀರಿನ ಕ್ಯಾನ್‌ಗಳನ್ನು ಲಿಫ್ಟಿನಲ್ಲಿ ಸಾಗಿಸಬಾರದು.’ ಎರಡನೇ ಮಹಡಿಯ ಲ್ಯಾಬ್ರಡಾರ್ ಓಡಾಡುತ್ತೆ, ಅದಕ್ಕೆ ಮೇಂಟೆನೆನ್ಸ್ ಕಟ್ಟಿದ್ದಾರೆ.

ನಾವು: ಸರಿ, ಮುಖಪುಟಕ್ಕೆ ಒಂದು ಫೋಟೋ ಬೇಕು. ಆ ಸಿಲಿಂಡರ್‌ಗಳನ್ನು ಕೊಂಚ ಕೆಳಗಿಳಿಸಿದರೆ ನಿಮ್ಮ ರೂಪ ಎದ್ದು ಕಾಣುತ್ತಿತ್ತು.

ಸೈಕಲ್: ಇಳಿಸಿ, ಸಂತೋಷ. ಮತ್ತೆ ಹತ್ತಿಸೋರು ಯಾರು?

ನಾವು: ಬೇಡ ಬಿಡಿ, ಹಾಗೇ ಇರಲಿ. ಡಿಸೈನಿನವರಿಗೆ ಹೇಳ್ತೀನಿ, ಕಂಪ್ಯೂಟರಿನಲ್ಲಿ ಅಳಿಸಿ ಕೊಡ್ತಾರೆ.